ಆಟಗಾರರ ಲೆಕ್ಕ ಬರೆದ ಬ್ರಾಂಚ್ ರಿಕಿ

ಅಮೆರಿಕದ ಬೇಸ್‌ಬಾಲ್ ಕುರಿತು ನಮ್ಮಲ್ಲಿ ಕುತೂಹಲ ಕಡಿಮೆ. ಆದರೂ ಜ್ಯಾಕಿ ರಾಬಿನ್‌ಸನ್ ಅವರ ಹೆಸರನ್ನು ಅನೇಕರು ಕೇಳಿರುತ್ತಾರೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೈದಾನಕ್ಕಿಳಿದು, ಆರು ದಶಕಗಳಿಂದ ಕರಿಯರಿಗೆ ಮುಚ್ಚಿದ್ದ ಮೇಜರ್ ಲೀಗ್‌ನ ಬಾಗಿಲನ್ನು ತೆರೆದವರು ಅವರು. ಆ ಬಾಗಿಲಿನ ಬೀಗದ ಕೈ ಇದ್ದುದು ಬ್ರೂಕ್ಲಿನ್‌ನ ಮಾಂಟೆಗ್ಯೂ ಬೀದಿಯ ಒಂದು ಕಚೇರಿಯಲ್ಲಿ. ಅಲ್ಲಿ ಗೋಡೆಯ ಮೇಲೆ ಲಿಂಕನ್ ಭಾವಚಿತ್ರ, ಕೆಳಗೆ ಸದಾ ಸಿಗಾರ್ ಹಿಡಿದ, ಬೋ ಟೈ ಕಟ್ಟಿದ, ಸುಕ್ಕುಗಟ್ಟಿದ ಉಡುಪಿನ ಒಬ್ಬ ಹಿರಿಯರು. ಅವರೇ ವೆಸ್ಲಿ ಬ್ರಾಂಚ್ ರಿಕಿ. 2013ರಲ್ಲಿ ತೆರೆಕಂಡ ಚಲನಚಿತ್ರದಲ್ಲಿ ಹ್ಯಾರಿಸನ್ ಫೋರ್ಡ್ ನಿರ್ವಹಿಸಿದ್ದು ಇವರ ಪಾತ್ರವನ್ನೇ.

ಚಲನಚಿತ್ರದಲ್ಲಿ ಕಾಣುವುದು ರಿಕಿಯವರ ಅಂತಃಕರಣ. ಅವರ ಲೆಕ್ಕದ ಪುಸ್ತಕ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಾನು ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಸಿಬ್ಬಂದಿಯ ಕಡತಗಳ ನಡುವೆ ಬಹುಕಾಲ ಕಳೆದವನು. ಆದ್ದರಿಂದ ಮೈದಾನದ ವೀರರಿಗಿಂತ, ಒಬ್ಬ ಆಟಗಾರನ ನೇಮಕಾತಿ, ವರ್ಗಾವಣೆ, ಮುಂಬಡ್ತಿ, ಸಂಬಳ ಇವುಗಳನ್ನು ತೀರ್ಮಾನಿಸುವ ಈ ಮನುಷ್ಯ ನನ್ನನ್ನು ಹೆಚ್ಚು ಆಕರ್ಷಿಸಿದ್ದಾರೆ. ವೃತ್ತಿಪರ ಕ್ರೀಡೆಯ ತೆರೆಮರೆಯ ದಿನಚರಿಯನ್ನು ಈಗಿನ ರೂಪಕ್ಕೆ ತಂದವರಲ್ಲಿ ಅವರು ಪ್ರಮುಖರು. ಅದರ ಒಳಿತಿನಲ್ಲೂ ಅನ್ಯಾಯದಲ್ಲೂ ಅವರ ಪಾಲಿದೆ.

ರಿಕಿ ಜನಿಸಿದ್ದು 1881ರ ಡಿಸೆಂಬರ್ 20ರಂದು, ಒಹಾಯೊ ರಾಜ್ಯದ ಗ್ರಾಮಾಂತರದಲ್ಲಿ. ಮನೆತನ ಕಟ್ಟಾ ಮೆಥಡಿಸ್ಟ್ ಶ್ರದ್ಧೆಯದು. ಶಾಲಾ ಮಾಸ್ತರಿಕೆ ಮಾಡಿ ಹಣ ಕೂಡಿಸಿ ಒಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯ ಸೇರಿದರು. ಭಾನುವಾರದಂದು ಆಡುವುದಿಲ್ಲ ಎಂಬ ವ್ರತವನ್ನು ಆಟಗಾರರಾಗಿದ್ದಾಗಲೂ ಮುಂದೆ ಅಧಿಕಾರಿಯಾದಾಗಲೂ ಬಿಡಲಿಲ್ಲ. ಆದರೆ ಭಾನುವಾರದ ಪಂದ್ಯದ ಟಿಕೆಟ್ ಹಣ ಸಂಸ್ಥೆಯ ಖಜಾನೆ ಸೇರುವುದಕ್ಕೆ ಆ ವ್ರತ ಅಡ್ಡಿಯಾಗಲಿಲ್ಲ. ನ್ಯೂಯಾರ್ಕ್‌ನ ಕ್ರೀಡಾ ವರದಿಗಾರರು ಇದನ್ನು ಆಡಿಕೊಂಡು ನಕ್ಕದ್ದುಂಟು.

ಆಟಗಾರರಾಗಿ ಅವರದು ಸಾಧಾರಣ ಸಾಧನೆ. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್‌ನಂತೆ ಬ್ಯಾಟುಗಾರನ ಹಿಂದೆ ಕೂರುವವರು. 1907ರಲ್ಲಿ ಒಂದೇ ಪಂದ್ಯದಲ್ಲಿ ಎದುರಾಳಿಗಳು ಅವರ ಕಣ್ಣೆದುರೇ 13 ಬೇಸ್‌ಗಳನ್ನು ಕದ್ದೋಡಿದರು. ಬಳಿಕ ಕ್ಷಯರೋಗ ತಗಲಿ ಆರೋಗ್ಯಧಾಮದಲ್ಲಿ ಮಲಗಿದರು. ಗುಣಮುಖರಾಗಿ 1911ರಲ್ಲಿ ಮಿಷಿಗನ್‌ನಲ್ಲಿ ಕಾನೂನು ಪದವಿ ಪಡೆದು, ಐಡಹೊದ ಬಾಯ್ಸಿ ಪಟ್ಟಣದಲ್ಲಿ ವಕೀಲಿ ವೃತ್ತಿ ಆರಂಭಿಸಿದರೆ ಕಕ್ಷಿದಾರರೇ ಬರಲಿಲ್ಲ. ಹೀಗೆ ಬೇರೆ ದಾರಿಗಳು ಮುಚ್ಚಿದ ಮೇಲೆ ಅವರು ಬೇಸ್‌ಬಾಲ್ ಆಡಳಿತಕ್ಕೆ ಮರಳಿದರು.

1917ರಲ್ಲಿ ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸಂಸ್ಥೆಯ ಹೊಣೆ ಹೊತ್ತಾಗ ಅದು ದಿವಾಳಿಯ ಅಂಚಿನಲ್ಲಿತ್ತು. ವಸಂತಕಾಲದ ತರಬೇತಿಗೆ ಬೆಚ್ಚಗಿನ ದಕ್ಷಿಣಕ್ಕೆ ಹೋಗಲು ಹಣವಿಲ್ಲದೆ 1919ರಲ್ಲಿ ತಂಡ ಊರಿನಲ್ಲೇ ಅಭ್ಯಾಸ ನಡೆಸಿತು. ಆಟಗಾರರು ಹಳೆಯ ಸಮವಸ್ತ್ರವನ್ನೇ ತೊಟ್ಟರು. ಕಚೇರಿಗೆ ಬರುವ ಅತಿಥಿಗಳ ಎದುರು ಮಾನ ಉಳಿಸಿಕೊಳ್ಳಲು ರಿಕಿ ಮನೆಯಿಂದ ರತ್ನಗಂಬಳಿಯನ್ನು ತಂದು ಹಾಸಿದರಂತೆ.

ಬಡತನಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಆಗ ಸಣ್ಣ ಊರುಗಳ ಮೈನರ್ ಲೀಗ್ ತಂಡಗಳು ಸ್ವತಂತ್ರವಾಗಿದ್ದವು. ಪ್ರತಿಭಾವಂತ ಹುಡುಗರನ್ನು ಬೆಳೆಸಿ ದೊಡ್ಡ ತಂಡಗಳಿಗೆ ಮಾರುವುದೇ ಅವುಗಳ ಆದಾಯ. ಕಾರ್ಡಿನಲ್ಸ್‌ನ ಶೋಧಕರು ಯಾವನಾದರೂ ಹುಡುಗನನ್ನು ಮೆಚ್ಚಿ ಬೆಲೆ ಕೇಳಿದರೆ, ಆ ಊರಿನ ಮಾಲೀಕರು ನ್ಯೂಯಾರ್ಕ್‌ನ ಶ್ರೀಮಂತ ತಂಡಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು. ರಿಕಿಯ ಮೆಚ್ಚುಗೆಯೇ ಸರಕಿನ ಗುಣಮಟ್ಟಕ್ಕೆ ಪ್ರಮಾಣಪತ್ರ! ಬೆಲೆ ಏರುತ್ತಿತ್ತು, ಹುಡುಗ ಬೇರೆಯವರ ಪಾಲಾಗುತ್ತಿದ್ದ. ಪೇಟೆಯಲ್ಲಿ ಕೊಳ್ಳಲಾಗದವನು ತಾನೇ ಬೆಳೆಯಬೇಕು ಎಂಬ ರೈತನ ತರ್ಕ ಅವರಿಗೆ ಹೊಳೆಯಿತು. ಹೂಸ್ಟನ್, ಫೋರ್ಟ್ ಸ್ಮಿತ್, ಸಿರಕ್ಯೂಸ್ ತಂಡಗಳಲ್ಲಿ ಒಂದೊಂದಾಗಿ ಪಾಲು ಕೊಂಡರು. ಇದಕ್ಕೆ ಫಾರ್ಮ್ ವ್ಯವಸ್ಥೆ ಎಂಬ ಹೆಸರು ಬಂದದ್ದು ಸಹಜವೇ.

ಎರಡು ದಶಕಗಳಲ್ಲಿ ಕಾರ್ಡಿನಲ್ಸ್ ಹಿಡಿತದಲ್ಲಿ ಮೂವತ್ತಕ್ಕೂ ಹೆಚ್ಚು ಮೈನರ್ ಲೀಗ್ ತಂಡಗಳು, ನೂರಾರು ಆಟಗಾರರು ಸೇರಿಕೊಂಡರು. ಡಿ ದರ್ಜೆಯಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ವ್ಯವಸ್ಥೆ ನನಗೆ ನಮ್ಮ ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮಗಳನ್ನು ನೆನಪಿಸುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಜ್ಯೇಷ್ಠತೆಗೆ ಬೆಲೆಯಿರಲಿಲ್ಲ. ಕಾಲಿನ ವೇಗ, ತೋಳಿನ ಬಲ, ಬ್ಯಾಟಿನ ಹೊಡೆತ ಇವಿಷ್ಟೇ ಗೋಪ್ಯ ವರದಿಯ ಕಲಮುಗಳು. ಬಹಿರಂಗ ಆಯ್ಕೆ ಶಿಬಿರಗಳಿಗೆ ನೂರಾರು ಹುಡುಗರು ಬರುತ್ತಿದ್ದರು. ಕಾಲು ಮತ್ತು ತೋಳು ಹುಟ್ಟಿನಿಂದ ಬರುವಂಥವು, ಉಳಿದದ್ದನ್ನು ಕಲಿಸಬಹುದು ಎಂಬುದು ರಿಕಿಯ ನಂಬಿಕೆ. ಸ್ಟಾನ್ ಮ್ಯೂಸಿಯಲ್ 1940ರಲ್ಲಿ ಭುಜಕ್ಕೆ ಪೆಟ್ಟು ಬಿದ್ದು ಪಿಚರ್ ಆಗಿ ಉಳಿಯಲಾರದೆ ಹೋದಾಗ, ಈ ವ್ಯವಸ್ಥೆಯ ಒಳಗೇ ಬ್ಯಾಟುಗಾರನಾಗಿ ಮರುಹುಟ್ಟು ಪಡೆದು ಮುಂದೆ ಆಟದ ದಂತಕಥೆಯಾದರು. 1926, 1931, 1934 ಮತ್ತು 1942ರಲ್ಲಿ ಬಡ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಈ ಯಂತ್ರ ಓಡಿದ್ದು ಯಾವ ಇಂಧನದಿಂದ? ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಸ್‌ಬಾಲ್ ಒಪ್ಪಂದದಲ್ಲಿ ರಿಸರ್ವ್ ಕ್ಲಾಸ್ ಎಂಬ ಷರತ್ತು ಇತ್ತು. ಹೆಸರಿಗೆ ಒಂದು ವರ್ಷದ ಒಪ್ಪಂದ; ಆದರೆ ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸುವ ಹಕ್ಕು ತಂಡದ್ದು ಮಾತ್ರ. ಆಟಗಾರ ಬೇರೆ ತಂಡದೊಡನೆ ಮಾತುಕತೆ ನಡೆಸುವಂತಿಲ್ಲ. ಮಾಲೀಕರು ಅವನನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಬಿಟ್ಟುಬಿಡಬಹುದು. ಅವನಿಗೆ ಉಳಿಯುವ ಆಯ್ಕೆ ಆಟವನ್ನೇ ತೊರೆಯುವುದು. ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯದ ವ್ಯಾಖ್ಯೆಗೆ ಒಳಪಡುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲಿ ತೀರ್ಪಿತ್ತು, ಏಕಸ್ವಾಮ್ಯ ವಿರೋಧಿ ಕಾಯ್ದೆಯಿಂದ ಅದನ್ನು ಹೊರಗಿಟ್ಟಿತ್ತು. ದುಡಿಮೆಗೆ ಒಬ್ಬನೇ ಗಿರಾಕಿ ಇದ್ದಾಗ ಕೂಲಿಯನ್ನು ಆತನೇ ನಿರ್ಧರಿಸುತ್ತಾನೆ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುತ್ತಾರೆ. ಸೈಮನ್ ರಾಟನ್‌ಬರ್ಗ್ 1956ರಲ್ಲಿ ಈ ಮಾರುಕಟ್ಟೆಯ ಮೇಲೆಯೇ ಪ್ರಬಂಧ ಬರೆದರು. ಕ್ರೀಡಾ ಅರ್ಥಶಾಸ್ತ್ರದ ಉಗಮ ಅಲ್ಲಿಂದಲೇ. ಷರತ್ತು ಇದ್ದರೂ ಇಲ್ಲದಿದ್ದರೂ ಆಟಗಾರ ಕೊನೆಗೆ ತನಗೆ ಹೆಚ್ಚು ಬೆಲೆಯಿರುವ ತಂಡವನ್ನೇ ಸೇರುತ್ತಾನೆ, ಆ ಬೆಲೆಯ ಹಣ ಯಾರ ಜೇಬಿಗೆ ಎಂಬುದಷ್ಟೇ ಬದಲಾಗುತ್ತದೆ ಎಂಬುದು ಅವರ ವಾದದ ಸಾರ. ರಿಕಿಯವರ ಪ್ರಕರಣದಲ್ಲಿ ಜೇಬು ಯಾರದೆಂಬುದು ಗುಟ್ಟೇನಲ್ಲ. ಮಾರಾಟವಾದ ಆಟಗಾರರ ಮೇಲೆ ಅವರಿಗೆ ಸಂಬಳದ ಜೊತೆಗೆ ಪಾಲು ಸಲ್ಲುತ್ತಿತ್ತು.

ಆಗ ಆಟಗಾರರಿಗೆ ಏಜೆಂಟರಿರಲಿಲ್ಲ. ಹಳ್ಳಿಯ ಹುಡುಗನೊಬ್ಬ ಸಂಬಳದ ಮಾತಿಗೆ ಒಬ್ಬನೇ ರಿಕಿಯ ಕೋಣೆಗೆ ಹೋಗಬೇಕು. ಎದುರಿಗೆ ಕಾನೂನು ಓದಿದ, ಧರ್ಮಗ್ರಂಥ ಬಲ್ಲ, ಗಂಟೆಗಟ್ಟಲೆ ಮಾತಾಡಬಲ್ಲ ವಾಗ್ಮಿ. ಹೊರಬರುವಾಗ ಹುಡುಗ ಕೇಳಿದ್ದಕ್ಕಿಂತ ಕಡಿಮೆಗೆ ಒಪ್ಪಿರುತ್ತಿದ್ದ. 1934ರಲ್ಲಿ ಡಿಜಿ ಡೀನ್ ಎಂಬ ಪಿಚರ್ ತನ್ನ ತಮ್ಮ ಪಾಲ್‌ನ ಸಂಬಳ ಹೆಚ್ಚಿಸಬೇಕೆಂದು ಮುಷ್ಕರದ ಬೆದರಿಕೆ ಹಾಕಿದ. ಅದೇ ವರ್ಷ ದಂಡ ಹಾಕಿದ್ದಕ್ಕೆ ಸಿಟ್ಟಾಗಿ ಸಮವಸ್ತ್ರ ಹರಿದ. ಛಾಯಾಗ್ರಾಹಕರು ಬಂದಾಗ ಅವರಿಗಾಗಿ ಇನ್ನೊಂದನ್ನೂ ಹರಿದು ತೋರಿಸಿದ. ಆ ವರ್ಷ ಡೀನ್ 30 ಪಂದ್ಯ ಗೆದ್ದುಕೊಟ್ಟ. ಕೆಳಗಿನ ದರ್ಜೆಗಳಲ್ಲಿದ್ದವರಿಗೆ ಹರಿದು ತೋರಿಸುವ ಧೈರ್ಯವೂ ಇರಲಿಲ್ಲ. ಮೇಲೇರುವ ಅವಕಾಶವಿಲ್ಲದೆ, ಹೊರಹೋಗಲೂ ಆಗದೆ ಅವರು ಮೈನರ್ ಲೀಗ್‌ನಲ್ಲೇ ಸವೆದರು. ಇದನ್ನು ದ್ವೇಷಿಸುತ್ತಿದ್ದ ಬೇಸ್‌ಬಾಲ್ ಕಮಿಷನರ್ ನ್ಯಾಯಮೂರ್ತಿ ಲ್ಯಾಂಡಿಸ್ 1938ರಲ್ಲಿ ನಿಯಮ ಉಲ್ಲಂಘನೆಯ ಕಾರಣ ನೀಡಿ ಕಾರ್ಡಿನಲ್ಸ್‌ನ ಎಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಬಂಧಮುಕ್ತಗೊಳಿಸಿದರು.

1942ರ ಕೊನೆಯಲ್ಲಿ ರಿಕಿ ಬ್ರೂಕ್ಲಿನ್‌ಗೆ ಬಂದರು. ಯುದ್ಧದ ಕಾಲ, ಇತರ ತಂಡಗಳು ಶೋಧವನ್ನು ನಿಲ್ಲಿಸಿದ್ದಾಗ ಇವರು ಸೈನ್ಯಕ್ಕೆ ಹೋಗಲಿರುವ ಹುಡುಗರಿಗೂ ಸಹಿ ಹಾಕಿಸಿದರು. ಯುದ್ಧ ಮುಗಿದೊಡನೆ ಅವರ ಕಣಜ ತುಂಬಿತ್ತು. ಕರಿಯ ಆಟಗಾರರನ್ನು ಹುಡುಕಲು ಶೋಧಕರನ್ನು ಕಳುಹಿಸಿದ್ದೂ ಆ ಅವಧಿಯಲ್ಲೇ. ಹೊಸ ಕರಿಯರ ಲೀಗ್ ಒಂದನ್ನು ಕಟ್ಟುವ ನೆಪ ಹೇಳಿ ನಿಜವಾದ ಉದ್ದೇಶವನ್ನು ತಮ್ಮ ಶೋಧಕರಿಂದಲೂ ಮುಚ್ಚಿಟ್ಟಿದ್ದರು.

ಈ ನಿರ್ಧಾರದ ಬೇರನ್ನು ರಿಕಿ ತಮ್ಮ ಯೌವನದ ಒಂದು ಘಟನೆಯಲ್ಲಿ ಗುರುತಿಸುತ್ತಿದ್ದರು. ಒಹಾಯೊ ವೆಸ್ಲಿಯನ್‌ನ ತರಬೇತುದಾರರಾಗಿ ಇಂಡಿಯಾನಾದ ಸೌತ್ ಬೆಂಡ್‌ಗೆ ತಂಡವನ್ನು ಕರೆದೊಯ್ದಾಗ, ಚಾರ್ಲ್ಸ್ ಥಾಮಸ್ ಎಂಬ ಕರಿಯ ವಿದ್ಯಾರ್ಥಿಗೆ ಹೋಟೆಲ್ ಕೋಣೆ ನಿರಾಕರಿಸಿತು. ರಿಕಿ ಹಟ ಹಿಡಿದು ತಮ್ಮ ಕೋಣೆಯಲ್ಲೇ ಅವರನ್ನು ಇರಿಸಿಕೊಂಡರು. ಆ ರಾತ್ರಿ ಥಾಮಸ್ ಅಳುತ್ತಾ, ಬಣ್ಣವನ್ನೇ ಕಿತ್ತೆಸೆಯುವವರಂತೆ ಕೈಗಳ ಚರ್ಮವನ್ನು ತಿಕ್ಕಿಕೊಳ್ಳುತ್ತಿದ್ದುದನ್ನು ರಿಕಿ ಜೀವನಪೂರ್ತಿ ಹೇಳಿಕೊಂಡು ಬಂದರು. ಥಾಮಸ್ ಮುಂದೆ ದಂತವೈದ್ಯರಾದರು. ನಮ್ಮ ಓದುಗರಿಗೆ ಇಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ನೆನಪಾಗದೆ ಇರಲಾರರು. ಅವರ ಎಡಗೈ ಸ್ಪಿನ್ ಪುಣೆಯ ಹಿಂದೂ ತಂಡಕ್ಕೆ ಬೇಕಿತ್ತು. ಚಹಾದ ವಿರಾಮದಲ್ಲಿ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಬೇರೆ ಕುಡಿಕೆಯಲ್ಲಿ ಕುಡಿಯಬೇಕಿತ್ತು. ಅವರಿಗೆ ಒಬ್ಬ ರಿಕಿ ಸಿಗಲಿಲ್ಲ.

1945ರ ಆಗಸ್ಟ್ 28ರಂದು ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ರಾಬಿನ್‌ಸನ್ ಅವರನ್ನು ರಿಕಿ ತಮ್ಮ ಕಚೇರಿಗೆ ಕರೆಸಿಕೊಂಡರು. ಸುಮಾರು ಮೂರು ಗಂಟೆಗಳ ಆ ಭೇಟಿಯಲ್ಲಿ ಅವರು ಕೋಟು ಬಿಚ್ಚಿ ನಾಟಕವನ್ನೇ ಆಡಿದರು. ಕೋಣೆ ಕೊಡದ ಹೋಟೆಲ್ ಗುಮಾಸ್ತ, ಊಟ ಬಡಿಸದ ಮಾಣಿ, ಜಾತಿ ಹಿಡಿದು ಬೈದು ಮುಷ್ಟಿ ಬೀಸುವ ಎದುರಾಳಿ, ಎಲ್ಲವೂ ಅವರೇ. ತಿರುಗಿ ಹೊಡೆಯದೆ ಇರುವ ಧೈರ್ಯ ಈ ಯುವಕನಿಗೆ ಇದೆಯೇ ಎಂಬುದೇ ಪರೀಕ್ಷೆ. ಮಾಂಟ್ರಿಯಲ್‌ನ ಕಿರಿಯ ತಂಡದಲ್ಲಿ ತಿಂಗಳಿಗೆ 600 ಡಾಲರ್, ಸಹಿಯ ಬೋನಸ್ 3,500 ಡಾಲರ್ ಎಂದು ಒಪ್ಪಂದವಾಯಿತು.

ಆದರೆ ರಾಬಿನ್‌ಸನ್ ಆಡುತ್ತಿದ್ದ ಮೊನಾರ್ಕ್ಸ್‌ಗೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ನೆವಾರ್ಕ್ ಈಗಲ್ಸ್‌ನಿಂದ ಡಾನ್ ನ್ಯೂಕೊಂಬ್ ಅವರನ್ನು ಪಡೆದಾಗಲೂ ಅದೇ ಕತೆ. ಕರಿಯರ ಲೀಗ್‌ಗಳ ಒಪ್ಪಂದಗಳು ಸಕ್ರಮವಲ್ಲ, ಅವು ನಿಜವಾದ ಲೀಗ್‌ಗಳೇ ಅಲ್ಲ ಎಂಬುದು ಅವರ ನಿಲುವು. ತಮ್ಮ ಆಟಗಾರರನ್ನು ಒಪ್ಪಂದದ ಒಂದು ಷರತ್ತಿನಿಂದ ಜೀವನಪರ್ಯಂತ ಕಟ್ಟಿಹಾಕಿದ್ದವರು ಇನ್ನೊಬ್ಬರ ಒಪ್ಪಂದವನ್ನು ಕಾಗದವೆಂದೂ ಪರಿಗಣಿಸಲಿಲ್ಲ! ನೆವಾರ್ಕ್‌ನ ಒಡತಿ ಎಫಾ ಮ್ಯಾನ್ಲಿ ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 1947ರಲ್ಲೇ ಕ್ಲೀವ್‌ಲ್ಯಾಂಡ್‌ನ ಬಿಲ್ ವೀಕ್, ಲ್ಯಾರಿ ಡೋಬಿಗಾಗಿ ಮ್ಯಾನ್ಲಿಗೆ ಹಣ ಕೊಟ್ಟರು ಎಂಬುದನ್ನು ನೋಡಿದರೆ, ಬೇರೆ ದಾರಿ ಇರಲಿಲ್ಲವೆನ್ನಲು ಬರುವುದಿಲ್ಲ. ಪ್ರೇಕ್ಷಕರು ಮತ್ತು ಆಟಗಾರರು ಇಬ್ಬರೂ ಹೊರಟುಹೋದ ಮೇಲೆ ನೀಗ್ರೊ ನ್ಯಾಷನಲ್ ಲೀಗ್ 1948ರ ಋತುವಿನೊಂದಿಗೆ ಮುಚ್ಚಿತು. ಆ ಲೀಗ್‌ಗಳಿಗೆ ಮೇಜರ್ ಲೀಗ್‌ನ ಸ್ಥಾನ ದೊರೆತದ್ದು 2020ರಲ್ಲಿ.

ರಾಬಿನ್‌ಸನ್ 1947ರಲ್ಲಿ ಡಾಡ್ಜರ್ಸ್ ಸೇರುವ ಮುನ್ನ ರಿಕಿ ತರಬೇತಿಯನ್ನು ಕ್ಯೂಬಾದ ಹವಾನಾಕ್ಕೆ ಸಾಗಿಸಿದರು. ಹಿಂದಿನ ವರ್ಷ ಫ್ಲಾರಿಡಾದ ಸ್ಯಾನ್‌ಫೋರ್ಡ್ ಪಟ್ಟಣವನ್ನು ರಾಬಿನ್‌ಸನ್ ಬಿಟ್ಟುಹೋಗಬೇಕಾಗಿ ಬಂದಿತ್ತು. ತಂಡದ ಕೆಲವರು ಅವರೊಡನೆ ಆಡುವುದಿಲ್ಲವೆಂದು ಮನವಿಪತ್ರ ಸಿದ್ಧಪಡಿಸಿದ ಸುಳಿವು ಸಿಕ್ಕಿತು. ವ್ಯವಸ್ಥಾಪಕ ಲಿಯೊ ಡ್ಯುರೋಷರ್ ನಡುರಾತ್ರಿ ಆಟಗಾರರನ್ನು ಎಬ್ಬಿಸಿ ಗದರಿದರು. ಬಳಿಕ ರಿಕಿ ಅಸಮಾಧಾನಗೊಂಡವರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮಾತಾಡಿದರು. ಆ ವರ್ಷ ಬ್ರೂಕ್ಲಿನ್‌ನ ಮೈದಾನಕ್ಕೆ 18 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ತಂಡ ಅಲ್ಲಿಯತನಕ ಕಾಣದ ಸಂಖ್ಯೆ ಅದು. ರಾಬಿನ್‌ಸನ್ ಪಡೆದ ಸಂಬಳ 5,000 ಡಾಲರ್, ಅಂದರೆ ಲೀಗ್‌ನ ಕನಿಷ್ಠ ವೇತನ. ರಿಕಿಯವರ ಉದ್ದೇಶ ಧರ್ಮವೋ ಲಾಭವೋ ಎಂದು ಅಮೆರಿಕನ್ನರು ಇಂದಿಗೂ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಆ ಪ್ರಶ್ನೆಯಲ್ಲಿ ಹುರುಳಿಲ್ಲ. ಉಳಿದ 15 ತಂಡಗಳ ಮಾಲೀಕರಿಗೂ ಲಾಭದ ಲೆಕ್ಕ ಗೊತ್ತಿತ್ತು. ಅವರು ಕೈ ಕಟ್ಟಿ ಕುಳಿತಿದ್ದರು.

ತೆರೆಮರೆಯ ದಿನಚರಿಯ ದೃಷ್ಟಿಯಿಂದ ರಿಕಿಯ ಅತಿ ದೊಡ್ಡ ಸೃಷ್ಟಿ ಫ್ಲಾರಿಡಾದ ವೀರೋ ಬೀಚ್‌ನ ಡಾಡ್ಜರ್‌ಟೌನ್. ಯುದ್ಧಾನಂತರ ಖಾಲಿ ಬಿದ್ದಿದ್ದ ನೌಕಾಪಡೆಯ ವಿಮಾನ ನೆಲೆಯನ್ನು 1948ರಲ್ಲಿ ಅವರು ತರಬೇತಿ ಕೇಂದ್ರವಾಗಿಸಿದರು. ಮೇಲಿನ ತಂಡದವರಿಂದ ಹಿಡಿದು ಕಟ್ಟಕಡೆಯ ದರ್ಜೆಯವರವರೆಗೆ ನೂರಾರು ಆಟಗಾರರು ಸೈನಿಕರ ಬ್ಯಾರಕ್‌ಗಳಲ್ಲಿ ಮಲಗಿ, ಸಾಲಿನಲ್ಲಿ ನಿಂತು ಊಟ ಪಡೆಯುತ್ತಿದ್ದರು. ಮುಂಜಾನೆ ರಿಕಿಯ ಉಪನ್ಯಾಸ, ಬಳಿಕ ಮೈದಾನದಿಂದ ಮೈದಾನಕ್ಕೆ ಪಾಳಿಯ ಪ್ರಕಾರ ಅಭ್ಯಾಸ. ಎರಡು ಕಂಬಗಳ ನಡುವೆ ದಾರ ಕಟ್ಟಿ ಚೆಂಡು ಹಾಯಬೇಕಾದ ಚೌಕವನ್ನು ಗುರುತಿಸಿದ್ದರು. ಪಿಚರ್‌ಗಳು ಆ ದಾರಗಳ ಒಳಗೆ ಚೆಂಡು ತೂರಿಸಬೇಕು. ಚೆಂಡೆಸೆಯುವ ಯಂತ್ರಗಳಿದ್ದವು, ಜಾರುವುದನ್ನು ಕಲಿಸಲು ಮೆದು ಗುಂಡಿಗಳಿದ್ದವು. ಸಂಜೆ ತರಬೇತುದಾರರು ಸೇರಿ ಒಬ್ಬೊಬ್ಬ ಹುಡುಗನ ಗುಣದೋಷ ಚರ್ಚಿಸುವುದು, ಯಾರು ಯಾವ ಊರಿಗೆ, ಯಾರು ಮನೆಗೆ ಎಂದು ನಿರ್ಧರಿಸುವುದು. ನೆಲೆಯ ಒಳಗೆ ಕರಿಯರೂ ಬಿಳಿಯರೂ ಒಂದೇ ಸೂರಿನಡಿ ಉಂಡು ಮಲಗಿದರು. ಬೇಲಿಯಾಚೆಗಿನ ಪಟ್ಟಣದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಕಚೇರಿಯಲ್ಲಿ ಇನ್ನೊಂದು ಹೊಸ ಹುದ್ದೆ ಹುಟ್ಟಿತು. ಮಾಂಟ್ರಿಯಲ್‌ನ ಆ್ಯಲನ್ ರಾತ್ ಅವರನ್ನು ರಿಕಿ 1947ರಲ್ಲಿ ಪೂರ್ಣಾವಧಿ ಅಂಕಿಅಂಶ ತಜ್ಞರನ್ನಾಗಿ ನೇಮಿಸಿಕೊಂಡರು. ಗಣಕಯಂತ್ರವಿಲ್ಲದ ಕಾಲದಲ್ಲಿ ರಾತ್ ಪ್ರತಿಯೊಂದು ಎಸೆತವನ್ನು ಕೈಯಲ್ಲಿ ದಾಖಲಿಸಿದರು. ಬ್ಯಾಟಿಂಗ್ ಸರಾಸರಿಗಿಂತ ಆಟಗಾರ ಎಷ್ಟು ಬಾರಿ ಬೇಸ್ ತಲುಪುತ್ತಾನೆ ಎಂಬುದು ಮುಖ್ಯ ಎಂಬ ವಾದವನ್ನು ರಿಕಿ 1954ರಲ್ಲಿ ಲೈಫ್ ಪತ್ರಿಕೆಯಲ್ಲಿ ಸೂತ್ರ ಸಹಿತ ಮಂಡಿಸಿದರು. ಅರ್ಧ ಶತಮಾನದ ಬಳಿಕ ಇದೇ ವಿಚಾರ ಹೊಸ ಆವಿಷ್ಕಾರವೆಂದು ಪ್ರಚಾರ ಪಡೆಯಿತು.

ಇನ್ನುಳಿದ ಅಧ್ಯಾಯ ಸೋಲಿನದು. ಪಾಲುದಾರ ವಾಲ್ಟರ್ ಒಮ್ಯಾಲಿಯೊಡನೆ ಹೊಂದಾಣಿಕೆಯಾಗದೆ 1950ರಲ್ಲಿ ಬ್ರೂಕ್ಲಿನ್ ಬಿಟ್ಟು ಪಿಟ್ಸ್‌ಬರ್ಗ್ ಸೇರಿದರು. 1952ರಲ್ಲಿ ಅವರ ತಂಡ 112 ಪಂದ್ಯ ಸೋತಿತು. ಹೋಮ್ ರನ್‌ಗಳಲ್ಲಿ ಲೀಗ್‌ಗೇ ಮುಂದಿದ್ದ ರಾಲ್ಫ್ ಕೈನರ್ ಅವರ ಸಂಬಳವನ್ನು ಕಡಿತಗೊಳಿಸಿದರು. ಕಡೆಯ ಸ್ಥಾನಕ್ಕೆ ಬರಲು ಅವರ ನೆರವು ಬೇಕಿಲ್ಲವೆಂಬುದು ತರ್ಕ. ಆಟಗಾರರಿಗೆ ಹೆಲ್ಮೆಟ್ ತೊಡಿಸಿದ್ದೂ ಅಲ್ಲೇ; ಅದನ್ನು ತಯಾರಿಸುವ ಕಂಪನಿಯಲ್ಲಿ ಅವರಿಗೆ ಹಿತಾಸಕ್ತಿಯೂ ಇತ್ತು. ಅಂತಃಕರಣ ಮತ್ತು ಖಾತೆ ಪುಸ್ತಕ ಇಲ್ಲಿಯೂ ಜೊತೆಜೊತೆಗೇ! 1954ರ ಕೊನೆಯಲ್ಲಿ ಬ್ರೂಕ್ಲಿನ್‌ನ ಫಾರ್ಮ್ ತಂಡದಿಂದ ರೊಬರ್ಟೊ ಕ್ಲೆಮೆಂಟೆ ಎಂಬ ಯುವಕನನ್ನು ಪಿಟ್ಸ್‌ಬರ್ಗ್ ಆಯ್ದುಕೊಂಡಿತು. 1960ರಲ್ಲಿ ಆ ತಂಡ ಚಾಂಪಿಯನ್ ಆದಾಗ ರಿಕಿ ಅಧಿಕಾರದಲ್ಲಿರಲಿಲ್ಲ.

ರಿಸರ್ವ್ ಕ್ಲಾಸ್ ಕುರಿತ ಅವರ ನಿಲುವು ಸಡಿಲವಾದಂತೆ ಕಾಣುವುದಿಲ್ಲ. 1949ರಲ್ಲಿ ಅದನ್ನು ವಿರೋಧಿಸುವವರಲ್ಲಿ ಕಮ್ಯುನಿಸ್ಟ್ ಒಲವಿದೆಯೆಂದು ಆರೋಪಿಸುವ ಮಟ್ಟಕ್ಕೂ ಹೋಗಿದ್ದರು. 1965ರ ನವೆಂಬರ್ 13ರಂದು ಮಿಸೌರಿಯ ಕೊಲಂಬಿಯಾದಲ್ಲಿ ಸನ್ಮಾನಕ್ಕೆ ಉತ್ತರಿಸಿ ಭಾಷಣ ಮಾಡುತ್ತಿದ್ದಾಗಲೇ ಕುಸಿದುಬಿದ್ದ ಅವರು, ಡಿಸೆಂಬರ್ 9ರಂದು ತೀರಿಕೊಂಡರು. ಅಂತ್ಯಕ್ರಿಯೆಗೆ ರಾಬಿನ್‌ಸನ್ ಬಂದರು. ಅಲಬಾಮದಲ್ಲಿ ಬೆಳೆದ ಬಾಬಿ ಬ್ರ್ಯಾಗನ್ ಕೂಡ ಬಂದರು. 1947ರಲ್ಲಿ ಕರಿಯನೊಡನೆ ಆಡಲೊಲ್ಲೆ, ಬೇರೆ ತಂಡಕ್ಕೆ ಕಳುಹಿಸಿ ಎಂದು ರಿಕಿಯನ್ನು ಕೇಳಿದ್ದವರು ಬ್ರ್ಯಾಗನ್. ರಿಕಿ ಕಳುಹಿಸಲಿಲ್ಲ, ಮರುವರ್ಷ ಅವರನ್ನು ಫೋರ್ಟ್ ವರ್ತ್ ತಂಡದ ವ್ಯವಸ್ಥಾಪಕರನ್ನಾಗಿ ಮಾಡಿದ್ದರು.

ನಾಲ್ಕು ವರ್ಷಗಳ ಬಳಿಕ, 1969ರಲ್ಲಿ, ರಿಕಿ ಕಟ್ಟಿದ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರರನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ದಾಟಿಸಿತು. ಫ್ಲಡ್ ಹೋಗಲು ನಿರಾಕರಿಸಿ, ತಾನು ಮಾರಾಟದ ಸರಕಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆದಾಗ, ಆಡುತ್ತಿದ್ದವರಲ್ಲಿ ಒಬ್ಬರೂ ಅವರ ಪರ ಸಾಕ್ಷಿ ಹೇಳಲು ಬರಲಿಲ್ಲ. ಬಂದವರಲ್ಲಿ ಒಬ್ಬರು ತಲೆ ನರೆತ, ಮಧುಮೇಹದಿಂದ ಬಳಲುತ್ತಿದ್ದ ಜ್ಯಾಕಿ ರಾಬಿನ್‌ಸನ್. ರಿಕಿ ಬದುಕಿನುದ್ದಕ್ಕೂ ಸಮರ್ಥಿಸಿದ್ದ ಷರತ್ತಿನ ವಿರುದ್ಧ ಅವರು ಸಾಕ್ಷ್ಯ ನುಡಿದರು. 1972ರಲ್ಲಿ ಸುಪ್ರೀಂ ಕೋರ್ಟ್ ಫ್ಲಡ್ ವಿರುದ್ಧ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಬಿನ್‌ಸನ್ ನಿಧನರಾದರು. ಆ ಷರತ್ತು ಮುರಿದುಬಿದ್ದದ್ದು 1975ರ ಡಿಸೆಂಬರ್‌ನಲ್ಲಿ, ಇಬ್ಬರು ಪಿಚರ್‌ಗಳ ದೂರಿನ ಮೇಲೆ ಪಂಚಾಯ್ತಿದಾರ ಪೀಟರ್ ಸೈಟ್ಜ್ ನೀಡಿದ ತೀರ್ಪಿನಿಂದ.